ಬಂದವರ ಕಿವಿಗೆ ಬಿದ್ದ ಮಾತು

ಹೊರನಾಡುಗಳಿಂದ ನಮ್ಮ ಧಾರವಾಡದ ಕಡೆಗೆ ಬಂದುಹೋಗುವ ಸಜ್ಜನರ ಬಾಯಲ್ಲಿ ಒಂದು ದೂರು ಬಹುಕಾಲದಿಂದ ಕೇಳಿಬರುತ್ತಿದೆ. ಅಣ್ಣಿಗೇರಿಯ ಚಹಾದಂಗಡಿಗಾಗಲಿ ಕುಂದಗೋಳದ ಸಂತೆಗಾಗಲಿ ತಾವು ಕಾಲಿಟ್ಟೊಡನೆ ಅಲ್ಲಿದ್ದ ಜನ ಬೇಕೆಂದೇ ಕನ್ನಡಕ್ಕೆ ಹೊರಳಿದರೆಂದೂ, ಹಿಂದಿಯನ್ನೋ ಇಂಗ್ಲಿಷನ್ನೋ ಅಷ್ಟಿಷ್ಟು ಬಲ್ಲವರಾಗಿದ್ದೂ ಮೊದಲ ಉತ್ತರವನ್ನು ಕನ್ನಡದಲ್ಲಿಯೇ ಕೊಟ್ಟರೆಂದೂ, ಬಳಿಕ ತಮ್ಮ ಎದುರಿಗೇ ತಮಗೆ ತಿಳಿಯದ ಮಾತನಾಡಿಕೊಂಡು ನಕ್ಕರೆಂದೂ ಆ ದೂರಿನ ತಾತ್ಪರ್ಯ. ಹೊರಗಿನವರು ಹೀಗೆ ಭಾವಿಸುವುದರಲ್ಲಿ ಆಶ್ಚರ್ಯವಿಲ್ಲ; ಅರಿಯದ ನುಡಿಯ ನಡುವೆ ಒಬ್ಬಂಟಿಯಾಗಿ ನಿಂತವನು ಎಲ್ಲರ ನಗೆಯನ್ನೂ ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು ಮಾನವಸ್ವಭಾವವೇ ಸರಿ. ವಿಚಾರಕ್ಕೆ ಎಡೆಮಾಡುವ ಸಂಗತಿ ಬೇರೆಯೇ ಇದೆ. ನಮ್ಮ ಜಿಲ್ಲೆಯ ಸುಶಿಕ್ಷಿತರಲ್ಲಿಯೇ ಹಲವರು ಈ ದೂರಿಗೆ ತಲೆದೂಗಿ, ಅದನ್ನೊಂದು ಸಿದ್ಧಾಂತದ ಮಟ್ಟಕ್ಕೆ ಏರಿಸಿ, ನವಲಗುಂದ ಕಲಘಟಗಿಗಳ ಹಳ್ಳಿಗರಿಗೆ ಅತಿಥಿಸತ್ಕಾರದ ಪಾಠ ಹೇಳಲು ತೊಡಗಿದ್ದಾರೆ.

ಆ ಸಿದ್ಧಾಂತವನ್ನು ಅದರ ಪ್ರತಿಪಾದಕರು ಒಪ್ಪುವ ರೂಪದಲ್ಲಿಯೇ ಮೊದಲು ಮುಂದಿಡುವುದು ನ್ಯಾಯ. ಭಾಷೆಯೆಂಬುದು ಅಭಿಪ್ರಾಯವನ್ನು ದಾಟಿಸುವ ದೋಣಿ. ದಡ ಮುಟ್ಟುವುದು ಮುಖ್ಯವೇ ಹೊರತು ದೋಣಿಯ ಮೇಲಿನ ಮೋಹವಲ್ಲ. ಎದುರಿಗಿದ್ದವನಿಗೆ ತಿಳಿಯುವ ಭಾಷೆಯೊಂದು ನಮಗೂ ತಕ್ಕಮಟ್ಟಿಗೆ ಬರುತ್ತಿರುವಾಗ ಅವನಿಗೆ ತಿಳಿಯದ ಭಾಷೆಯನ್ನಾಡುವುದು ಅವನನ್ನು ಹೊಸ್ತಿಲಾಚೆ ನಿಲ್ಲಿಸಿದಂತೆ. ಅತಿಥಿಯನ್ನು ದೇವರೆಂದು ಬಗೆಯಬೇಕೆಂಬ ಉಪದೇಶವನ್ನು ಉಪನಿಷತ್ತುಗಳ ಕಾಲದಿಂದ ಕೇಳುತ್ತ ಬಂದ ಜನಕ್ಕೆ ಇದು ಶೋಭಿಸದು. ಮೇಲಾಗಿ ನಾವೆಲ್ಲರೂ ಒಂದೇ ರಾಷ್ಟ್ರದ ಪ್ರಜೆಗಳಾಗಿರಲಾಗಿ, ಒಬ್ಬರನ್ನೊಬ್ಬರು ಮುಟ್ಟಲಾರದ ಹಾಗೆ ಪ್ರಾಂತಭಾಷೆಯ ಬೇಲಿ ಕಟ್ಟಿಕೊಳ್ಳುವುದು ಕೂಪಮಂಡೂಕ ವೃತ್ತಿ. ಈ ವಾದದಲ್ಲಿ ದುರುದ್ದೇಶವಿಲ್ಲ. ಸೌಜನ್ಯದ ಕಾಳಜಿ ನಿಜವಾಗಿಯೂ ಉಂಟು. ಎಂತಲೇ ಇದನ್ನು ಆಕ್ರೋಶದಿಂದ ತಳ್ಳಿಹಾಕುವ ಭಾಷಾಭಿಮಾನಿಗಳ ರೀತಿ ನನಗೆ ಸಮ್ಮತವಲ್ಲ. ಆದರೆ ಇಲ್ಲಿ ಮೂರು ನಾಲ್ಕು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಲಾಗಿದೆ. ಗಂಟನ್ನು ಬಿಚ್ಚಿ ನೋಡಿದರೆ ಒಂದಕ್ಕೆ ಕೊಟ್ಟ ಆಧಾರವು ಇನ್ನೊಂದಕ್ಕೆ ಸಲ್ಲುವುದಿಲ್ಲವೆಂಬುದು ಕಾಣುತ್ತದೆ.

ಈ ದೂರು ನಮ್ಮಲ್ಲಿಯೇ ಹುಟ್ಟಿದುದಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಬ್ರಿಟನ್ನಿನ ಪಶ್ಚಿಮ ಭಾಗದಲ್ಲಿರುವ ವೇಲ್ಸ್ ಪ್ರಾಂತಕ್ಕೆ ವಿಹಾರಕ್ಕೆಂದು ಹೋಗುವ ಆಂಗ್ಲರು ಇದನ್ನೇ ತಲೆಮಾರುಗಳಿಂದ ಹೇಳುತ್ತ ಬಂದಿದ್ದಾರೆ: ತಾವು ಹಳ್ಳಿಯ ಪಾನಗೃಹದ ಬಾಗಿಲು ತೆರೆದೊಡನೆ ಒಳಗಿದ್ದವರು ಇಂಗ್ಲಿಷ್ ಬಿಟ್ಟು ವೆಲ್ಷ್ ಭಾಷೆಗೆ ಹೊರಳಿದರಂತೆ. ಬಾಗಿಲು ತೆರೆಯುವ ಮೊದಲು ಒಳಗೆ ಯಾವ ಭಾಷೆ ನಡೆದಿತ್ತೆಂಬುದು ಹೊರಗಿದ್ದವನಿಗೆ ತಿಳಿದದ್ದು ಹೇಗೆ? ಈ ಒಂದು ಪ್ರಶ್ನೆಯನ್ನು ಆ ದೂರುದಾರರು ತಮಗೆ ತಾವೇ ಕೇಳಿಕೊಂಡಂತೆ ತೋರದು. ವೇಲ್ಸ್ ಎಂಬ ಹೆಸರೇ ಹಳೆಯ ಜರ್ಮಾನಿಕ್ ನುಡಿಗಳಲ್ಲಿ ಪರಕೀಯರೆಂಬ ಅರ್ಥದ ಶಬ್ದದಿಂದ ಬಂದದ್ದು. ಅಲ್ಲಿಯ ಜನ ತಮ್ಮನ್ನು ಕರೆದುಕೊಳ್ಳುವ ಕಮ್ರಿ ಎಂಬ ಹೆಸರಿಗೆ ಒಂದೇ ನಾಡಿನವರೆಂಬ ಅರ್ಥ. ತರುವಾಯ ಬಂದವರು ಮೊದಲೇ ಇದ್ದವರನ್ನು ಪರಕೀಯರೆಂದು ಕರೆದು, ಆ ಹೆಸರನ್ನೇ ಭೂಪಟದ ಮೇಲೆ ಕೂರಿಸಿದ ಈ ವಿಲಕ್ಷಣ ಇತಿಹಾಸವನ್ನು ಬಲ್ಲವನಿಗೆ ಪಾನಗೃಹದ ದೂರು ಅಷ್ಟೇನೂ ಸೋಜಿಗವೆನಿಸದು. 1847ರಲ್ಲಿ ವೆಲ್ಷ್ ಭಾಷೆಯ ಗಂಧವಿಲ್ಲದ ಮೂವರು ಆಯುಕ್ತರು ಆ ನಾಡಿನ ಶಿಕ್ಷಣವನ್ನು ಪರೀಕ್ಷಿಸಿ, ಜನರ ಹಿಂದುಳಿಕೆಗೂ ನೀತಿಗೇಡಿತನಕ್ಕೂ ಅವರ ಭಾಷೆಯನ್ನೇ ಹೊಣೆಮಾಡಿ ಬರೆದ ವರದಿಗಳು ಇಂದಿಗೂ ಅಲ್ಲಿ ‘ನೀಲಿ ಪುಸ್ತಕಗಳ ದ್ರೋಹ’ವೆಂದು ಕುಖ್ಯಾತವಾಗಿವೆ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 17.8, ಅಂದರೆ ಸುಮಾರು 5,38,000 ಜನ. ನಾಡಿನ ಹೆಚ್ಚಿನ ಜನ ಇಂದು ಇಂಗ್ಲಿಷನ್ನೇ ಆಡುತ್ತಾರೆ. ಹೊರಳುವಿಕೆ ಎಂಬುದು ನಿಜವಾಗಿ ಯಾವ ದಿಕ್ಕಿಗೆ ನಡೆದಿದೆಯೆಂಬುದನ್ನು ಈ ಅಂಕೆ ತೋರಿಸುತ್ತದೆ.

ನಮ್ಮ ಚಹಾದಂಗಡಿಗೆ ಮರಳೋಣ. ಬೆಂಚಿನ ಮೇಲೆ ನಾಲ್ವರು ರೈತರು ಕುಳಿತು ಮಿರ್ಚಿ ಗಿರಮಿಟ್ಟು ತಿನ್ನುತ್ತ, ಎರೆಹೊಲದ ಕಡಲೆಗೆ ಈ ಸಲ ಎಷ್ಟು ದರ ಸಿಕ್ಕೀತೆಂದು ಚರ್ಚಿಸುತ್ತಿರುತ್ತಾರೆ. ಆಗಂತುಕನೊಬ್ಬ ಬಂದು ನಿಲ್ಲುತ್ತಾನೆ. ಅವರು ಒಂದು ಕ್ಷಣ ಮಾತು ನಿಲ್ಲಿಸಿ ಅವನನ್ನು ನೋಡುತ್ತಾರೆ. ಹೊಸಬನನ್ನು ನೋಡುವುದು ಹಳ್ಳಿಯಲ್ಲಿ ಅಸಭ್ಯತೆಯಲ್ಲ, ಸರಿದು ಕೂಡ್ರಲು ಜಾಗ ಬೇಕೇ ಎಂಬ ವಿಚಾರಣೆ. ಬಳಿಕ ಬಿಟ್ಟ ಮಾತನ್ನು ಬಿಟ್ಟಲ್ಲಿಂದ ಎತ್ತಿಕೊಳ್ಳುತ್ತಾರೆ. ಆ ಮೌನದ ಕ್ಷಣವನ್ನು ಆಗಂತುಕನು ಭಾಷೆ ಬದಲಾಯಿಸಿದ ಕ್ಷಣವೆಂದು ತಿಳಿಯುತ್ತಾನೆ. ಅವರು ಎಲ್ಲಿಗೂ ಹೊರಳಲಿಲ್ಲ, ಇದ್ದಲ್ಲಿಯೇ ಇದ್ದರು. ಹೊರಳಿದುದೇನಾದರೂ ಇದ್ದರೆ ಅದು ಅವನ ಗಮನ. ಇಲ್ಲಿ ಆಕ್ಷೇಪಕರು, ‘ಆದರೂ ಅವನ ಮುಂದೆ ಅವನಿಗೆ ತಿಳಿಯದ್ದನ್ನು ಆಡಿದರಷ್ಟೆ’ ಎಂದಾರು. ಈ ‘ಮುಂದೆ’ ಎಂಬ ಪದವೇ ಗೊಂದಲದ ಬೇರು. ಅದರೊಳಗೆ ಮೂರು ಅರ್ಥಗಳು ಅಡಗಿವೆ.

1. ಅವನೊಡನೆ ಆಡುವ ಮಾತು. ಇಲ್ಲಿ ತಿಳಿಯುವಂತೆ ಆಡಬೇಕೆಂಬುದು ನಿರ್ವಿವಾದ. ಒಂದೇ ಪಂಕ್ತಿಯಲ್ಲಿ ಉಣ್ಣಲು ಕುಳಿತ ಐವರಲ್ಲಿ ಒಬ್ಬನಿಗೆ ತಿಳಿಯದ ಭಾಷೆಯಲ್ಲಿ ಉಳಿದ ನಾಲ್ವರು ಹರಟುತ್ತ ಹೋದರೆ ಅದು ತಪ್ಪೇ; ನಡುನಡುವೆ ಅವನಿಗೆ ಅರ್ಥ ಹೇಳುವುದು ಅವರ ಕರ್ತವ್ಯ.

2. ಅವನ ವಿಷಯವಾಗಿ ಆಡುವ ಮಾತು. ಇದು ಯಾವ ಭಾಷೆಯಲ್ಲಿ ನಡೆದರೂ ಅಸಭ್ಯತೆಯೇ. ಅವನಿಗೆ ತಿಳಿಯುವ ಭಾಷೆಯಲ್ಲಿ ಅವನನ್ನು ಹಳಿದರೆ ಸಭ್ಯತೆಯಾಗುವುದೇನು? ಆದಕಾರಣ ಈ ದೋಷವನ್ನು ಭಾಷೆಯ ತಲೆಗೆ ಕಟ್ಟಲಾಗದು.

3. ಅವನ ಕಿವಿಗೆ ಬೀಳುವ ಮಾತು. ಚಹಾದಂಗಡಿಯದು ಈ ಮೂರನೆಯದು. ಇಲ್ಲಿ ಅವನಿಗೆ ಯಾವ ಹಕ್ಕೂ ಇಲ್ಲ. ತಾನು ಹೋದೆಡೆಯಲ್ಲೆಲ್ಲ ಪರರ ಸಂಭಾಷಣೆ ತನಗೆ ತಿಳಿಯುವಂತೆಯೇ ನಡೆಯಬೇಕೆಂಬ ಬೇಡಿಕೆಯನ್ನು, ತನ್ನ ಊರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ಇಬ್ಬರ ಪಿಸುಮಾತಿನ ಬಗ್ಗೆ ಯಾರೂ ಮಾಡರು.

ಮೊದಲ ಅರ್ಥದ ಕರ್ತವ್ಯವನ್ನೂ ಎರಡನೆಯ ಅರ್ಥದ ದೋಷವನ್ನೂ ತಂದು ಮೂರನೆಯದರ ಮೇಲೆ ಹೇರುವುದರಿಂದ ದೂರು ಬಲವುಳ್ಳದ್ದಾಗಿ ಕಾಣುತ್ತದೆ.

ಇನ್ನು ಮೊದಲ ಉತ್ತರವನ್ನು ಕನ್ನಡದಲ್ಲಿ ಕೊಟ್ಟ ವಿಷಯ. ಸತ್ಕಾರವೆಂದರೆ ಅತಿಥಿಯ ಭಾಷೆಯನ್ನಾಡುವುದೆಂಬ ನಿರ್ಣಯದಲ್ಲಿ ಸೌಜನ್ಯವು ಭಾಷೆಯಿಂದ ಬೇರ್ಪಟ್ಟ ವಸ್ತುವೆಂಬ ಊಹೆ ಅಡಗಿದೆ. ಒಂದು ಚೀಲದಿಂದ ಇನ್ನೊಂದು ಚೀಲಕ್ಕೆ ಜೋಳ ಸುರಿದಂತೆ ಅದನ್ನು ಸುರಿಯಬಹುದೆಂದು ಇವರ ಭಾವನೆ. ನಮ್ಮ ಅಂಗಡಿಕಾರನು ತನ್ನ ಮಾತಿನಲ್ಲಿ ‘ಏನ್ ಬೇಕಾಗಿತ್ರಿ?’ ಎನ್ನುತ್ತಾನೆ. ಈ ಎರಡು ಪದಗಳನ್ನು ಸ್ವಲ್ಪ ಹತ್ತಿರದಿಂದ ನೋಡಿರಿ. ಬೇಕಾಗಿರುವುದು ಈಗ, ಆದರೆ ಕ್ರಿಯಾಪದ ಭೂತಕಾಲದ್ದು. ನಿಮ್ಮ ಅಪೇಕ್ಷೆಯನ್ನು ಎದುರಿಗೆ ಹಿಡಿದು ಕೇಳುವುದು ಒರಟಾದೀತೆಂದು ಅದನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಕೇಳುವ ನಯ ಇದು. ತುದಿಯ ‘ರಿ’ಕಾರವಂತೂ ಧಾರವಾಡ ಸೀಮೆಯ ಮಾತಿನ ಮರ್ಯಾದೆಯನ್ನೆಲ್ಲ ಹೊತ್ತ ಅಕ್ಷರ, ಬರ್ರಿ, ಕುಂದರ್ರಿ, ಹೌದ್ರಿ, ಇಲ್ರಿ ಎಂದು ಅಪರಿಚಿತನಿಗೂ ವಾಕ್ಯವಾಕ್ಯಕ್ಕೆ ಸಲ್ಲುವ ನಮಸ್ಕಾರ. (ಮೈಸೂರು ಕಡೆಯ ಮಿತ್ರರಿಗೆ ಇದೇ ‘ರೀ’ ಜಗಳದ ಪೀಠಿಕೆಯಾಗಿ ಕೇಳಿಸಿ, ನಮ್ಮನ್ನು ಒರಟರೆಂದು ಬಗೆದ ಪ್ರಸಂಗಗಳುಂಟು, ಒಂದೇ ಭಾಷೆಯೊಳಗೇ ಹೀಗಾದರೆ ಭಾಷೆ ಬೇರೆಯಾದಲ್ಲಿ ಹೇಳುವುದೇನು!) ಇದೇ ಅಂಗಡಿಕಾರನು ಅತಿಥಿಯ ಭಾಷೆಯನ್ನಾಡಲು ಹೊರಟನೆಂದರೆ ಅವನ ಬಾಯಿಂದ ಬರುವುದು ಹುಬ್ಬಳ್ಳಿಯ ಪೇಟೆಯಲ್ಲಿ ಕಲಿತ ‘ಕ್ಯಾ ಹೋನಾ?’ ಎಂಬ ಬೋಳು ಮಾತು. ದಖ್ಖನಿಯಲ್ಲಿ ಸಹಜವಾದ ಈ ನುಡಿ ದಿಲ್ಲಿಯ ಕಿವಿಗೆ ಅಶಿಕ್ಷಿತವೂ ಅಗೌರವವೂ ಆಗಿ ಕೇಳುತ್ತದೆ. ಹೀಗೆ ತನ್ನ ಭಾಷೆಯಲ್ಲಿ ಕೇಳಬೇಕೆಂದು ಹಟಹಿಡಿದ ಅತಿಥಿಗೆ ಆತಿಥೇಯನ ಸೌಜನ್ಯದಲ್ಲಿ ಅತ್ಯಂತ ಬಡವಾದ ಭಾಗ ದೊರಕುತ್ತದೆ. ಕನ್ನಡದ ಆ ಮೊದಲ ವಾಕ್ಯ ಅವನಿಗೆ ಅರ್ಥವಾಗದಿದ್ದರೂ ಅದು ಅಂಗಡಿಕಾರನ ಬಳಿಯಿದ್ದ ಸತ್ಕಾರಗಳಲ್ಲೆಲ್ಲ ಉತ್ತಮವಾದದ್ದಾಗಿತ್ತು. ಅರ್ಥವಾಗಲಿಲ್ಲವೆಂದು ಕಂಡೊಡನೆ ಅವನು ತನ್ನ ಮುರುಕು ಹಿಂದಿಗೆ ಇಳಿಯುತ್ತಾನೆ. ಇದನ್ನು ಯಾವ ದೂರುದಾರನೂ ಅಲ್ಲಗಳೆದುದನ್ನು ನಾನು ಕೇಳಿಲ್ಲ. ಅವರ ಅಸಮಾಧಾನವೆಲ್ಲ ಅವನು ಮೊದಲೇ ಇಳಿಯಲಿಲ್ಲವೆಂಬುದಕ್ಕೆ.

ಅತಿಥಿ ಎಂಬ ಶಬ್ದದ ಬಳಕೆಯಲ್ಲಿಯೂ ಬಹಳ ಸಡಿಲತನವಿದೆ. ತಿಥಿ ನೋಡದೆ ಬಂದು ನಾಲ್ಕು ದಿನ ಇದ್ದು ಹೋಗುವವನು ಅತಿಥಿ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವನ್ನು ನೋಡಲು ಬಂದವನು, ನವಲಗುಂದದ ಜಮಖಾನೆ ಕೊಳ್ಳಲು ಬಂದವನು, ಕಲಘಟಗಿಯ ಬಣ್ಣದ ತೊಟ್ಟಿಲನ್ನು ಹುಡುಕಿಕೊಂಡು ಬಂದವನು ನಮ್ಮ ನುಡಿಯನ್ನು ಕಲಿತೇ ಬರಬೇಕೆಂದು ಹೇಳುವವನು ಮೂರ್ಖ. ಹತ್ತು ವರ್ಷ ಇಲ್ಲಿಯೇ ಮನೆಮಾಡಿಕೊಂಡು ಇದ್ದವನು ಇನ್ನೂ ಅತಿಥಿಯೇ? ದಫ್ತರದ ಮೇಜಿನ ಹಿಂದೆ ಕುಳಿತು, ಎದುರಿಗೆ ಅರ್ಜಿ ಹಿಡಿದು ನಿಂತ ಮುದುಕಿಯ ಸಾಲವನ್ನೋ ಪಿಂಚಣಿಯನ್ನೋ ನಿರ್ಣಯಿಸುವವನು ಅತಿಥಿಯೇ? ಅಲ್ಲಿ ಅತಿಥಿಯಂತೆ ಬಾಗಿಲ ಬಳಿ ಕಾಯುತ್ತಿರುವವಳು ಆ ಊರಿನ ಮುದುಕಿ. ಅವಳು ತನ್ನದಲ್ಲದ ನುಡಿಯಲ್ಲಿ ತಡವರಿಸಿ ಬೇಡಿಕೊಳ್ಳುವುದನ್ನು ಸತ್ಕಾರವೆಂದು ಕರೆಯುವವನಿಗೆ ದಾನಕ್ಕೂ ಕಂದಾಯಕ್ಕೂ ಇರುವ ಭೇದ ತಿಳಿಯದು.

ಈ ಭೇದವನ್ನು ನಮ್ಮ ಜಿಲ್ಲೆ ಅನುಭವದಿಂದಲೇ ಕಲಿತಿದೆ. 1818ರಲ್ಲಿ ಪೇಶವೆಯರ ರಾಜ್ಯ ಮುಗಿದು ಧಾರವಾಡವು ಮುಂಬಯಿ ಸರಕಾರದ ಕೈಸೇರಿದ ಮೇಲೂ ಕಚೇರಿಯಲ್ಲಿ ಮರಾಠಿಯ ಪ್ರಾಬಲ್ಯವೇ ಮುಂದುವರಿದು, ಸರಕಾರಿ ಶಾಲೆಗಳೂ ಮೊದಲಿಗೆ ಮರಾಠಿಯಲ್ಲಿಯೇ ನಡೆದವು. ಕುಂದಗೋಳವಂತೂ 1948ರ ತನಕ ದೂರದ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ ತುಂಡು. ಕನ್ನಡವನ್ನಾಡುವ ಮಗು ಕನ್ನಡದ ನೆಲದ ಮೇಲೆ ಕುಳಿತು ಮರಾಠಿಯ ಮೂಲಕ ಅಕ್ಷರ ಕಲಿಯುತ್ತಿದ್ದ ಆ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ತೆರೆಯಿಸಿದರು, 1890ರಲ್ಲಿ ರಾ. ಹ. ದೇಶಪಾಂಡೆಯವರ ನೇತೃತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. 1953ರಲ್ಲಿ ಕುಂದಗೋಳದಿಂದ ಬಹುದೂರವಲ್ಲದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕರ್ನಾಟಕದ ಏಕೀಕರಣಕ್ಕಾಗಿ ಅನ್ನ ಬಿಟ್ಟು ಕುಳಿತರು. ಇವರಲ್ಲಿ ಯಾರೂ ಮರಾಠಿಯ ದ್ವೇಷಿಗಳೆಂದು ಹೇಳಲು ಆಧಾರವಿಲ್ಲ. ಅವರ ತಕರಾರು ಒಂದು ನುಡಿಯು ಅತಿಥಿಯಾಗಿ ಬಂದು ಕಚೇರಿಯ ಗಾದಿಯ ಮೇಲೆ ಕುಳಿತದ್ದಕ್ಕೆ ಮಾತ್ರ. ಅಷ್ಟೇಕೆ, ಜಿಲ್ಲೆಯನ್ನಾಳಲು ಬಂದ ಬ್ರಿಟಿಷ್ ಅಧಿಕಾರಿಗಳಿಗೂ ದೇಶಭಾಷೆಯ ಪರೀಕ್ಷೆಗಳಿದ್ದವು. ಧರ್ಮಪ್ರಚಾರಕ್ಕಾಗಿ ಬಂದ ಬಾಸೆಲ್ ಮಿಶನ್ನಿನ ಕಿಟ್ಟೆಲರು 1894ರಲ್ಲಿ ಪ್ರಕಟವಾದ ತಮ್ಮ ನಿಘಂಟಿಗಾಗಿ ಕನ್ನಡ ಶಬ್ದಗಳ ಹಿಂದೆ ದಶಕಗಳ ಕಾಲ ಅಲೆದರು. ಜನರ ಮನಸ್ಸಿನೊಳಗೆ ಹೋಗಬೇಕಾದವನು ಜನರ ನುಡಿಯನ್ನು ಕಲಿಯುತ್ತಾನೆ, ಅವರಿಂದ ಅಪ್ಪಣೆ ಪಾಲಿಸಿಕೊಂಡರೆ ಸಾಕೆನ್ನುವವನಿಗೆ ಅದು ಬೇಕಾಗುವುದಿಲ್ಲ. ಹುಬ್ಬಳ್ಳಿ ನವಲಗುಂದಗಳ ಪೇಟೆಯ ಮಾರವಾಡಿ ವ್ಯಾಪಾರಿಯು ಯಾರ ಚಳವಳಿಗೂ ಕಾಯದೆ ‘ಬರ್ರಿ ಗೌಡ್ರ’ ಎನ್ನಲು ಕಲಿತದ್ದೂ ಈ ಕಾರಣದಿಂದಲೇ.

ಭಾಷೆ ಬರಿಯ ದೋಣಿಯೆಂಬ ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ಯಾವ ದೋಣಿಯಾದರೇನು ಎಂಬುದು ನಿಜವಾದರೆ, ಆ ತತ್ತ್ವದ ಭಾರ ಯಾವಾಗಲೂ ಒಂದೇ ದಂಡೆಯವರ ಮೇಲೆ ಏಕೆ ಬೀಳಬೇಕು? ಉಪಕರಣವೆಂಬ ವಾದವನ್ನು ಮುಂದೊಡ್ಡುವವರು ತಮ್ಮ ಉಪಕರಣವನ್ನು ಬದಲಾಯಿಸಿದ ದೃಷ್ಟಾಂತ ವಿರಳ.

ರಾಷ್ಟ್ರೈಕ್ಯದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಸಂವಿಧಾನದ 343ನೆಯ ವಿಧಿಯು ಹಿಂದಿಯನ್ನು ಒಕ್ಕೂಟದ ಆಡಳಿತಭಾಷೆಯೆಂದು ಹೇಳಿದೆಯೇ ಹೊರತು ರಾಷ್ಟ್ರಭಾಷೆಯೆಂದು ಯಾವ ಭಾಷೆಯನ್ನೂ ಸಂವಿಧಾನ ಹೆಸರಿಸಿಲ್ಲ. ಎಂಟನೆಯ ಅನುಸೂಚಿಯಲ್ಲಿ ಇಪ್ಪತ್ತೆರಡು ಭಾಷೆಗಳಿವೆ. ಆದರೆ ಕಾನೂನಿನ ಉತ್ತರದಿಂದ ತೃಪ್ತನಾಗಲು ನನಗೆ ಮನಸ್ಸಿಲ್ಲ. ಪರಸ್ಥಳದವರು ಇಲ್ಲಿಯ ನುಡಿಯೊಡನೆ ಬೆರೆತದ್ದು ಹೇಗೆಂಬುದಕ್ಕೆ ಇದೇ ನೆಲದಲ್ಲಿ ಸಾಕ್ಷ್ಯವಿದೆ. ಆದಿಕವಿ ಪಂಪನ ಪೂರ್ವಜರು ವೆಂಗಿಮಂಡಲದವರು. ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳು. ಇದನ್ನು ನಮಗೆ ತಿಳಿಸಿದವನು ಪಂಪನ ತಮ್ಮ ಜಿನವಲ್ಲಭ, ಇಂದಿನ ತೆಲಂಗಾಣದ ಕುರ್ಕ್ಯಾಲದ ಬಳಿಯ ಬಂಡೆಯ ಮೇಲೆ ಬರೆಯಿಸಿದ ಶಾಸನದಲ್ಲಿ. ಆ ಶಾಸನ ಕನ್ನಡದಲ್ಲಿದೆ, ಸಂಸ್ಕೃತದಲ್ಲಿದೆ. ಅದರಲ್ಲಿ ಅವನು ನಿಂತ ನೆಲದ ನುಡಿಯಾದ ತೆಲುಗಿನಲ್ಲಿಯೂ ಪದ್ಯಗಳಿವೆ. ಸಾವಿರ ವರ್ಷದ ಹಿಂದೆ ಕನ್ನಡಿಗನೊಬ್ಬನು ತೆಲುಗರ ನೆಲದಲ್ಲಿ ತೋರಿದ ಈ ಮರ್ಯಾದೆಯಲ್ಲಿ ತನ್ನ ನುಡಿಯನ್ನು ಬಿಟ್ಟುಕೊಟ್ಟ ಲಕ್ಷಣವಿಲ್ಲ, ಅಲ್ಲಿಯವರು ತಮ್ಮದನ್ನು ಬಿಡಲೆಂಬ ಅಪೇಕ್ಷೆಯೂ ಇಲ್ಲ. ನಮ್ಮ ಕಾಲಕ್ಕೆ ಬಂದರೆ, ಮನೆಯಲ್ಲಿ ಮರಾಠಿಯಾಡುತ್ತಿದ್ದ ಬೇಂದ್ರೆಯವರು ಧಾರವಾಡದ ಆಡುಮಾತಿಗೆ ಕಾವ್ಯಪದವಿಯನ್ನು ಕೊಟ್ಟರು, ಮರಾಠಿಯಲ್ಲಿಯೂ ಬರೆದರು. ಕುಂದಗೋಳದ ರಾಮಚಂದ್ರರು ಮರಾಠಿ ರಂಗಭೂಮಿಯ ಮೇಲೆ ಸವಾಯಿ ಗಂಧರ್ವರೆನಿಸಿ ಮರಳಿ, ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರಿಗೆ ತಮ್ಮೂರಿನಲ್ಲಿಯೇ ಸಂಗೀತದ ಪಾಠ ಹೇಳಿದರು. ಐಕ್ಯಕ್ಕೆ ಒಂದೇ ನುಡಿ ಬೇಕಾಗಿದ್ದರೆ ಇವರಲ್ಲಿ ಯಾರೂ ಇರುತ್ತಿರಲಿಲ್ಲ.

ಇಷ್ಟರ ಮೇಲೆ ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಪ್ರಬಲವಾದ ಆಕ್ಷೇಪ ಹೊರಗಿನವರಿಂದ ಬರುವುದಿಲ್ಲ, ಒಳಗಿನಿಂದ ಬರುತ್ತದೆ. ‘ಸ್ಥಳದ ನುಡಿ’ ಎಂದಿರಲ್ಲ, ಯಾರ ನುಡಿ ಅದು? ನವಲಗುಂದದ ಜಮಖಾನೆಯನ್ನು ನೇಯುವ ಮುಸಲ್ಮಾನ ಹೆಣ್ಣುಮಕ್ಕಳ ಮನೆಮಾತು ಉರ್ದು. ಕಲಘಟಗಿಯ ಕಾಡಂಚಿನ ಗೌಳಿ ದಡ್ಡಿಗಳಲ್ಲಿ ಎಮ್ಮೆ ಕಾಯುವವರದು ಮರಾಠಿಯ ಒಂದು ಬಗೆ. ತಾಂಡಾಗಳಲ್ಲಿ ಲಂಬಾಣಿ ನುಡಿ. ಅದಕ್ಕೆ ಎಂಟನೆಯ ಅನುಸೂಚಿಯಲ್ಲಿ ಸ್ಥಾನವಿಲ್ಲ, ತನ್ನದೇ ಲಿಪಿಯೂ ಇಲ್ಲ. ಅತಿಥಿಯು ಆತಿಥೇಯನ ನುಡಿಯನ್ನು ಗೌರವಿಸಬೇಕೆಂಬ ನ್ಯಾಯವು ದಿಲ್ಲಿಯವನಿಗೆ ಅಣ್ಣಿಗೇರಿಯಲ್ಲಿ ಹೇಗೋ ಕನ್ನಡಿಗನಿಗೆ ತಾಂಡಾದಲ್ಲಿಯೂ ಹಾಗೆಯೇ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪುವುದರಿಂದ ನನ್ನ ವಾದ ಬೀಳುವುದಿಲ್ಲ, ಅದರ ಬೆಲೆ ನನ್ನ ಮೇಲೆಯೇ ಬೀಳುತ್ತದೆ ಅಷ್ಟೆ. ರಾಜ್ಯದ ಆಡಳಿತಭಾಷೆಯು 1963ರ ಅಧಿನಿಯಮದಂತೆ ಕನ್ನಡವಾಗಿರುವುದು ಸರಿ. ಅದು ಕಚೇರಿಯ ಮೇಜಿಗೆ ಸಂಬಂಧಿಸಿದ್ದು, ತಾಂಡಾದ ಒಲೆಗಲ್ಲ. ರಸ್ತೆಗೆ ಡಾಂಬರು ಹಾಕಲು ಬಿಹಾರದಿಂದ ಬಂದ ಕೂಲಿಯವನನ್ನು ತಡೆದು ನಿಲ್ಲಿಸಿ ಕನ್ನಡ ಬರದೇ ಎಂದು ಗದರಿಸುವ ಶೂರರು, ದೊಡ್ಡ ಅಧಿಕಾರಿಯ ಕೋಣೆಯಲ್ಲಿ ತಾವಾಗಿಯೇ ಇಂಗ್ಲಿಷಿಗೆ ಹೊರಳುವುದನ್ನು ಕಂಡಾಗ, ಇವರ ಅಭಿಮಾನವು ನುಡಿಯದೋ ಬಲದ್ದೋ ಎಂಬ ಶಂಕೆ ನನಗೆ ಬಂದಿದೆ. ಯಾವನ ಕೈಯಲ್ಲಿ ಅಧಿಕಾರವಿದೆಯೋ ಅವನ ಮೇಲೆ ಭಾಷೆಯ ಋಣ ಹೆಚ್ಚು. ಈ ಅಳತೆಗೋಲಿನಿಂದ ಕೂಲಿಯವನ ಋಣ ಅತ್ಯಲ್ಪ, ನನ್ನದು ಸಾಕಷ್ಟು ದೊಡ್ಡದು.

ದೊಡ್ಡದೆಂದು ನಾನು ಕಂಡುಕೊಂಡ ಬಗೆಯನ್ನು ಮುಚ್ಚಿಟ್ಟರೆ ವಾದ ಅಪೂರ್ಣವಾದೀತು. ಕಲಘಟಗಿ ತಾಲೂಕಿನ ಒಂದು ತಾಂಡಾದ ಬಳಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಬಾವಿಕಟ್ಟೆಯ ಮೇಲಿದ್ದ ಇಬ್ಬರು ಹೆಂಗಸರು ನನ್ನತ್ತ ನೋಡಿ, ಲಂಬಾಣಿಯಲ್ಲಿ ಏನೋ ಆಡಿ, ಜೋರಾಗಿ ನಕ್ಕರು. ನನ್ನ ಮುಖ ಬಿಗಿಯಿತು. ಕನ್ನಡ ಚೆನ್ನಾಗಿ ಬಲ್ಲ ಇವರು ನನ್ನೆದುರಿಗೆ ಬೇಕೆಂದೇ ಹೀಗೇಕೆ ಎಂದು, ಯಾವ ದೂರನ್ನು ಈ ಲೇಖನದಲ್ಲಿ ಖಂಡಿಸಿರುವೆನೋ ಅದನ್ನೇ ಅಕ್ಷರಶಃ ಮನಸ್ಸಿನಲ್ಲಿ ಅಂದುಕೊಂಡೆ. ಕೊನೆಗೆ ತಡೆಯಲಾರದೆ ಕೇಳಿಯೂ ಬಿಟ್ಟೆ. ಹಿರಿಯಳಾದವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ‘ನಿಮ್ಮ ಸುದ್ದಿ ಅಲ್ರಿ ಯಪ್ಪಾ, ನಮ್ಮ ಎಮ್ಮಿ ಹಗ್ಗ ಹರಕೊಂಡು ಹೋಗಿ ನಿಮ್ಮ ಹಿಂದ ನಿಂತೈತಿ ನೋಡ್ರಿ’ ಎಂದಳು. ತಿರುಗಿ ನೋಡಿದರೆ ಎಮ್ಮೆ ನಿಜವಾಗಿಯೂ ನಿಂತಿತ್ತು. ಅವಳು ಅದನ್ನು ಕರೆದದ್ದು ತನ್ನ ಭಾಷೆಯಲ್ಲಿ, ನನ್ನನ್ನು ಪಕ್ಕಕ್ಕೆ ಸರಿಯಿರೆಂದದ್ದು ನನ್ನ ಭಾಷೆಯಲ್ಲಿ. ಆ ಹಾದಿಯಲ್ಲಿ ಇಪ್ಪತ್ತು ವರ್ಷದಿಂದ ತಿರುಗಾಡುತ್ತಿದ್ದ ನನಗೆ ಅವಳ ನುಡಿಯಲ್ಲಿ ಎಮ್ಮೆಗೆ ಏನೆನ್ನುತ್ತಾರೆಂಬುದು ಕೂಡ ತಿಳಿದಿರಲಿಲ್ಲ.